ಬರಿಗೈಯ ಅರ್ಧ ಗಂಟೆ

ಹೊಳೆನರಸೀಪುರದ ಆ ನರ್ಸಿಂಗ್ ಹೋಮಿಗೆ ಬಂದವರು ಮೊದಲು ನೋಡುವುದು ಡಾಕ್ಟರನ್ನಲ್ಲ, ಶಾಂತಕುಮಾರಿಯನ್ನು. ಗಾಜಿನ ಕಿಂಡಿಯ ಹಿಂದೆ ಕೂತು ಹೆಸರು, ಊರು, ಕಾಯಿಲೆ ಕೇಳಿ ಚೀಟಿ ಕೊಡುವವಳು ಅವಳು. ಮದುವೆಯಾದ ವರ್ಷ ಕೂತ ಕುರ್ಚಿ. ಈಗ ಮಗಳು ಪ್ರೇಕ್ಷಾ ಹಾಸನದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಾಳೆ. ಕುರ್ಚಿಯ ಸ್ಪಂಜು ಬದಲಾಗಿದೆ. ಶಾಂತಕುಮಾರಿ ಬದಲಾಗಿಲ್ಲ, ಅಗಲವಾಗಿದ್ದಾಳೆ ಅಷ್ಟೆ.

ಹೋದ ವರ್ಷ ಸಿಬ್ಬಂದಿಯನ್ನೆಲ್ಲ ತಪಾಸಣೆ ಮಾಡಿದಾಗ ರೋಗಿಗಳಿಗಿಂತ ಅವರ ಬಿಪಿಯೇ ಮೇಲಿತ್ತು. ಶಾಂತಕುಮಾರಿಯ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಮೇಲಿನ ವಾರ್ಡಿಗೆ ಹೋಗಬೇಕೆಂದರೆ ಮೆಟ್ಟಿಲ ನಡುವೆ ನಿಂತು, ಗೋಡೆಯ ಮೇಲಿನ ಬಾಣಂತಿಯರ ಆಹಾರದ ಪಟ್ಟಿ ಓದುವಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಊಟದ ಬಿಡುವಿನಲ್ಲಿ ಎಲ್ಲರೂ ಅರ್ಧ ಗಂಟೆ ವ್ಯಾಯಾಮ ಮಾಡಲೇಬೇಕೆಂದು ಫಿಸಿಯೋಥೆರಪಿಸ್ಟ್ ದಿವ್ಯಾ ಪಟ್ಟು ಹಿಡಿದಳು. ಮೊದಮೊದಲು ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ಹೆಂಗಸರಿಗೆ ತಿಳಿಯಲಿಲ್ಲ. ಮೇಲೆತ್ತಿ ಎಂದರೆ ಸೆರಗು ಸರಿಮಾಡಿಕೊಂಡವು. ಆಮೇಲೆ ಪಳಗಿದವು. ಒಂದು ದಿನ ಶಾಂತಕುಮಾರಿ ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿದಳು. ಬಂದ ಕೆಲಸವೇ ಮರೆತುಹೋಗಿ, ಇಳಿದು, ಮತ್ತೊಮ್ಮೆ ಹತ್ತಿದಳು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು.

ಅವರೆ ಕಾಲದಲ್ಲಿ ಅಲ್ಲಿನ ಹೆಂಗಸರ ಊಟದ ಬಿಡುವು ನಡೆಯುವುದು ಮುಯ್ಯಿಯ ಮೇಲೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಹಾಗೆಯೇ, ಇವತ್ತು ಒಬ್ಬಳು ನೆನೆಸಿದ ಕಾಳು ತಂದರೆ ಎಲ್ಲರೂ ಕೂತು ಸಿಪ್ಪೆ ಹಿತಕಿ ಕೊಡುವುದು, ನಾಳೆ ಇನ್ನೊಬ್ಬಳದು. ರಾತ್ರಿ ಹಿತಕಿದ ಬೇಳೆ ಸಾರು ಉಣ್ಣುವ ಗಂಡಸರು, ಬೇಳೆ ಗಿಡದಲ್ಲೇ ಬತ್ತಲಾಗಿ ಬಿಡುತ್ತದೆಂದು ತಿಳಿದಂತಿದ್ದರು.

ವ್ಯಾಯಾಮ, ಮುಯ್ಯಿ ಎರಡನ್ನೂ ಒಟ್ಟಿಗೆ ಮಾಡಲು ನೋಡಿದರು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕೂರುವ ಭಂಗಿಯಲ್ಲಿ ನರ್ಸ್ ರಂಜಿತಾ ತೊಡೆಯ ಮೇಲೆ ಪಾತ್ರೆಯಿಟ್ಟು ಹಿತಕಿದಳು. ಬೇಳೆ ಚಿಮ್ಮಿ ದಿವ್ಯಾಳ ಹಣೆಗೆ ಬಿತ್ತು.

“ಬರಿಗೈಲಿ ಮಾಡಿ ಅಕ್ಕ,” ಎಂದಳು ದಿವ್ಯಾ.

ಮಾರನೆಯ ದಿನದಿಂದ ಒಬ್ಬೊಬ್ಬರೇ ವ್ಯಾಯಾಮ ಬಿಟ್ಟು ಹಿತಕಲು ಹೋದರು.

ಶನಿವಾರ ಶಾಂತಕುಮಾರಿಯ ಸರದಿ. ಸಂಜೆ ಮೈದುನ ರುದ್ರೇಶ ಹೆಂಡತಿ ಮಕ್ಕಳೊಂದಿಗೆ ಅರಕಲಗೂಡಿನಿಂದ ಹಿತಕಿದ ಬೇಳೆ ಸಾರಿಗೆಂದೇ ಬರುವವನಿದ್ದ. ಕಾಳನ್ನು ಮುಯ್ಯಿಗೆ ಕೊಟ್ಟರೆ, ಅವರೆ ಮುಗಿಯುವವರೆಗೆ ದಿನವೂ ತನ್ನ ಅರ್ಧ ಗಂಟೆ ಕೊಟ್ಟು ತೀರಿಸಬೇಕು. ಮತ್ತೆ ಮೆಟ್ಟಿಲ ನಡುವೆ ನಿಂತು ಬಾಣಂತಿಯರ ಆಹಾರ ಓದಬೇಕು. ಅವಳು ತಂದಿದ್ದ ಕಾಳಿನ ಪಾತ್ರೆಯ ಮುಚ್ಚಳ ತೆಗೆಯದೆ ವ್ಯಾಯಾಮ ಮುಗಿಸಿದಳು. ಮನೆಗೆ ಬಂದು ಪಾತ್ರೆಯನ್ನು ಗಂಡ ಅಮರನಾಥನ ಮುಂದಿಟ್ಟಳು.

“ಇದೇನೇ, ಸಿಪ್ಪೆನೇ ಬಿಟ್ಟಿಲ್ಲ?”

“ಎಕ್ಸರ್‌ಸೈಜ್ ಇತ್ತು ಕಣ್ರೀ. ನೀವೇ ಹಿತಕಿ.”

“ನಿಂಗ್ಯಾಕೆ ಎಕ್ಸರ್‌ಸೈಜು? ಮನೇಲಿ ಗುಡಿಸ್ತೀಯ, ಒರೆಸ್ತೀಯ, ಮುದ್ದೆ ತಿರುವ್ತೀಯ. ಸಾಲ್ದಾ?”

“ಅದ್ರಲ್ಲೇ ಮೈ ಇಳಿಯಂಗಿದ್ರೆ ನಾಳೆಯಿಂದ ನೀವ್ ಮಾಡಿ. ನಿಮ್ ಹೊಟ್ಟೆನೂ ಇಳೀಲಿ.”

ಪೇಪರ್ ಓದುತ್ತಿದ್ದ ಮಾವ ಚನ್ನಬಸವಯ್ಯ, “ಹಿತಕ್ಲಾ, ಅದೇನ್ ಬೆಟ್ಟ ಕಡಿಯೋ ಕೆಲ್ಸವಾ,” ಎಂದು ತಾವೂ ಕೈಹಾಕಿದರು.

ಅಮರನಾಥ ಒತ್ತಿದ ಮೊದಲ ಬೇಳೆ ಅಪ್ಪನ ಕನ್ನಡಕಕ್ಕೆ ಬಡಿಯಿತು. ಮುಂದಿನದು ಟಿವಿಯ ಹಿಂದೆ ಹೋಯಿತು. ಗೊಬ್ಬರದಂಗಡಿಯ ಗಲ್ಲಾದ ಮುಂದೆ ಹೆಂಡತಿಯಷ್ಟೇ ಹೊತ್ತು ಕೂರುವ ಮನುಷ್ಯ, ಸೋಫಾದ ಕೆಳಗೆ ಬಗ್ಗಿ ಬೇಳೆ ಹೆಕ್ಕಿ ಏದುಸಿರು ಬಿಟ್ಟ. ರುದ್ರೇಶ ಬಂದಾಗಲೂ ಪಾತ್ರೆ ತುಂಬಿಯೇ ಇತ್ತು. ಶಾಂತಕುಮಾರಿ ಅರ್ಧ ಕಾಳನ್ನು ಸಿಪ್ಪೆ ಸಮೇತ ಸಾರು ಮಾಡಿ, ಹಿತಕಿದ್ದನ್ನು ಅದರೊಳಗೆ ಬಿಟ್ಟಳು.

“ಅತ್ತಿಗೆ, ಹಿತಕಿದ ಬೇಳೆ ಅಂದಿದ್ರಿ?” ಎಂದ ರುದ್ರೇಶ.

“ನಿಮ್ಮಣ್ಣ ಹಿತಕಿದಷ್ಟು ಅದೆ ಕಣಪ್ಪ. ಮುದ್ದೆ ಪಕ್ಕ ತಡಕು.”

ಭಾನುವಾರ ಉಳಿದ ಕಾಳನ್ನು ಅಪ್ಪ ಮಗ ಮತ್ತೆ ಮುಂದಿಟ್ಟುಕೊಂಡು ಕೂತರು. “ಹೆಬ್ಬೆಟ್ಟು ನೋಯ್ತದೆ, ನಿಮ್ ದಿವ್ಯಾ ಮೇಡಮ್ಮನ್ನ ಕೇಳು,” ಎಂದ ಅಮರನಾಥ.

ಸೋಮವಾರ ಊಟದ ಬಿಡುವಿನಲ್ಲಿ ರಂಜಿತಾ ಪಾತ್ರೆ ಹಿಡಿದು ಕಿಂಡಿಯ ಹತ್ತಿರ ಬಂದಳು. “ಅಕ್ಕ, ಇವತ್ತು ನಂದು. ನೀವಿಲ್ದಿದ್ರೆ ಒಂದಾಳು ಕಮ್ಮಿ ಆಯ್ತದೆ.”

“ನಮ್ಮೆಜಮಾನ್ರನ್ನ ನಿಮ್ಮನೇಗೆ ಕಳಿಸ್ತೀನಿ, ಸಂಜೆ. ಕೈ ಪಳಗ್ತಾ ಅದೆ.”

“ಅವ್ರು ಹಿತಕ್ತಾ ಕೂತ್ರೆ ನಮ್ಮೋರು ಏನ್ ಮಾಡ್ತಾರೆ?”

“ನಿಮ್ಮೋರಿಗೂ ಒಂದು ಮಣೆ ಹಾಕು.”

ಶಾಂತಕುಮಾರಿ ಕುರ್ಚಿಯಿಂದ ಎದ್ದು, ಗೋಡೆಗೆ ಆತು ವ್ಯಾಯಾಮದ ಭಂಗಿಗೆ ಇಳಿದಳು. ರಂಜಿತಾ ಪಾತ್ರೆಯನ್ನು ಆ ಖಾಲಿ ಕುರ್ಚಿಯ ಮೇಲೆ ಇಟ್ಟು, ಅವಳ ಪಕ್ಕ ಗೋಡೆಗೆ ಬೆನ್ನು ಕೊಟ್ಟಳು.