ಗಿಟಾರಿನ ಹೊಟ್ಟೆಯೊಳಗಿನ ವಿಭೂತಿ

ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಖಾನಾಪುರದಿಂದ ಫೋನ್ ಮಾಡಿದರೆ ಮೊದಲು ಮಳೆಯ ವಿಷಯ, ಆಮೇಲೆ ಮೊಣಕಾಲಿನ ವಿಷಯ, ಎಲ್ಲಾ ಮುಗಿದ ಮೇಲೆ ಅಣ್ಣನ ವಿಷಯ. ಆ ಸಲ ಸೀದಾ ಅಣ್ಣನಿಗೇ ಬಂದರು.

"ಯವ್ವಾ, ನಿಮ್ಮಣ್ಣ ಚಾ ಕುಡ್ಯಾಕ ಬಿಟ್ರ ಬಾಯಿನ ತಗ್ಯಾವಲ್ರು. ನೀ ಬಂದು ಆ ಗಿಟಾರ ಒಂದೀಟು ರಿಪೇರಿ ಮಾಡಿಕೊಡ. ಅದು ಮಾತಾಡಿದ್ರ ಇವರೂ ಮಾತಾಡ್ತಾರ."

ಅಣ್ಣ ಸಾಲಿ ಮಾಸ್ತರನಾಗಿದ್ದ. ಹಗಲೆಲ್ಲಾ ಗಣಿತ, ಸಂಜೆಯಾದರೆ ಬೆಳಗಾವಿಯ ಒಂದು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್. ಹಾಡುವವನು ಅವನ ಜೀವದ ಗೆಳೆಯ, ಖಾನಾಪುರದ ಮರಾಠಿ ಮನೆಯವನು. ಕನ್ನಡ ಹಾಡಿದರೆ ಕನ್ನಡದವರು ನಮ್ಮವನು ಅನ್ನುತ್ತಿದ್ದರು, ಮರಾಠಿ ಹಾಡಿದರೆ ಅವರು ತಮ್ಮವನು ಅನ್ನುತ್ತಿದ್ದರು. ಆರ್ಕೆಸ್ಟ್ರಾ ಮುರಿದುಬಿದ್ದ ಮೇಲೂ ಇಬ್ಬರೂ ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತು ಹಾಡೇ ಹಾಡುತ್ತಿದ್ದರು, ಬಾಜೂ ಮನೆಯವರು ಬಂದು ಜಗಳ ತೆಗೆಯುವ ತನಕ. ಆ ಗೆಳೆಯ ತೀರಿಕೊಂಡ. ಅಣ್ಣ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಟ್ಟ.

ವರ್ಷಗಳು ಹೋದವು. ಮೊನ್ನೆ ಒಂದು ಸಂಜೆ ಏನು ಅನ್ನಿಸಿತೋ, ತಾನಾಗಿಯೇ ಪೆಟ್ಟಿಗೆ ತೆಗೆದು, ಆಂಪ್ಲಿಫೈಯರಿಗೆ ವೈರ್ ಸಿಕ್ಕಿಸಿ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡನಂತೆ. ವೈನಿ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಗರಗರ, ಕರಕರ, ಆಮೇಲೆ ಅದೂ ಇಲ್ಲ. "ಇದೂ ಸತ್ತೈತಿ" ಅಂದವನು ಆವತ್ತಿನಿಂದ ಗಪ್‌ಚುಪ್. ಮುಟ್ಟಬೇಕು ಅಂತ ಮನಸ್ಸಾದಾಗಲೇ ಅದು ಕೈಕೊಡಬೇಕೇ? ಇನ್ನೊಮ್ಮೆ ಮುಟ್ಟದಿದ್ದರೆ ಈ ಮನುಷ್ಯ ಹೀಗೆಯೇ ಮೂಕನಾಗಿ ಕೂತುಬಿಡುತ್ತಾನೆ ಅಂತ ವೈನಿಗೆ ಹೆದರಿಕೆ. ನನಗೂ.

ನಾನು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತಳಾದವಳು. ಹುಡುಗರು ನನ್ನನ್ನು ಸೋಲ್ಡರಿಂಗ್ ಐರನ್ ಅಂತಲೇ ಕರೆಯುತ್ತಿದ್ದರು, ಬೇಗ ಬಿಸಿಯಾಗುತ್ತೇನೆ ಅಂತ. ಆ ಬೆಸೆಯುವ ಐರನ್ ಮೊದಲು ನನ್ನ ಕೈಗೆ ಕೊಟ್ಟವನು ಅಣ್ಣನೇ. ಇದೇ ಗಿಟಾರಿನ ಒಳಗಿನ ಒಂದು ವೈರ್ ಬೆಸೆಯಲು ಕೊಟ್ಟು, ನನ್ನ ಜಡೆ ಸುಟ್ಟ ವಾಸನೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಲೋಂಡಾದ ರೇಲ್ವೆ ಗಾರ್ಡ್ ಒಬ್ಬರು ಊರು ಬಿಡುವಾಗ ಅವನಿಗೆ ಮಾರಿಹೋದ ಗಿಟಾರು ಅದು. ಕೆಂಪು ಬಣ್ಣ, ಅವನಷ್ಟೇ ಹಳೆಯದು.

ಖಾನಾಪುರಕ್ಕೆ ಹೋಗಿ ಪೆಟ್ಟಿಗೆಗೆ ಕೈ ಹಾಕಿದೆ. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ.

"ಸತ್ತದ್ದನ್ನ ಯಾಕ ಕೆದರಾಕತ್ತಿ, ತಂಗೆವ್ವ?"

"ಸತ್ತೈತೋ ಬದುಕೈತೋ ಹೇಳಾಕ ನನ್ನ ಹತ್ರ ಮೀಟರ್ ಐತಿ. ನೀ ಸುಮ್ಕ ಕುಂದ್ರು."

ಗಿಟಾರನ್ನು ಕಂಕುಳಲ್ಲಿ ಅವಚಿಕೊಂಡು ರೈಲು ಹತ್ತಿ ಬೆಳಗಾವಿ ಟಿಳಕವಾಡಿಯ ನನ್ನ ಮನೆಗೆ ತಂದೆ. ಊಟದ ಟೇಬಲ್ಲಿನ ಮೇಲೆ ಹಳೆಯ ದುಪ್ಪಟಿ ಹಾಸಿ, ಅದನ್ನು ಅಂಗಾತ ಮಲಗಿಸಿ, ಸ್ಕ್ರೂ ಬಿಚ್ಚಿ ಮುಂದಿನ ತಗಡು ಎತ್ತಿದೆ. ಅಯ್ಯೋ ಶಿವನೇ! ಒಳಗೆ ವಿಭೂತಿ. ಚಿಟಿಕೆಯಲ್ಲ, ಹಿಡಿಯಷ್ಟು. ಅದರ ಜೊತೆ ಕುಂಕುಮ, ಒಣಗಿದ ದಾಸವಾಳದ ಎಸಳು, ಹಸಿರು ಹಿಡಿದ ವೈರುಗಳು. ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಕಂಟ್ರೋಲ್ ತಿರುಗಿಸಿದರೆ ಬೀಸುಕಲ್ಲಿನ ಹಾಗೆ ಗರಗರ ಅನ್ನುತ್ತಿತ್ತು.

ತಕ್ಷಣ ವೈನಿಗೆ ಫೋನ್ ಹಚ್ಚಿದೆ. "ವೈನಿ, ಖರೇ ಹೇಳ್ರಿ. ಇದಕ್ಕ ಏನ್ ಮಾಡೀರಿ?"

"ನಾ ಏನ್ ಮಾಡ್ಲೆವ್ವ? ವರ್ಸಾ ಖಂಡೇಪೂಜಿಗೆ ಹೊರಗ ತಗದು, ಒರಸಿ, ವಿಭೂತಿ ಹಚ್ಚಿ, ಹೂವ ಏರಿಸಿ, ಕಾಯಿ ಒಡದು ನೀರ ಚಿಮಕಸ್ತೇನಿ. ಇವರು ಮುಟ್ಟವಲ್ರು ಅಂತ ಪೂಜಿ ಬಿಡಾಕ ಆಗತೈತೇನು? ನಮ್ಮನ್ನ ಸಾಕಿದ ಸಾಮಾನ ಅದು."

ಬೇರೆ ಮನೆಗಳಲ್ಲಿ ಖಂಡೇಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಕುಡುಗೋಲು, ತಕ್ಕಡಿ, ಗಾಡಿ ಇಡುತ್ತಾರೆ. ನಮ್ಮ ವೈನಿ ಗಂಡನ ಗಿಟಾರ್ ಇಟ್ಟಿದ್ದರು. ಎಂಥ ಕರೆಂಟಿನ ಸಾಮಾನೂ ತೆಂಗಿನಕಾಯಿ ನೀರಿಗೆ ತಡೆಯುವುದಿಲ್ಲ ಅಂತ ಒದರಬೇಕೆಂದು ಬಾಯಿ ತೆರೆದೆ. ಆಗ ಆ ಕಡೆಯಿಂದ ಸಣ್ಣ ದನಿ ಬಂತು: "ಯವ್ವಾ... ನಾನ ಕೆಡಸೀನೇನ ಅದನ್ನ?"

ಬಂದ ಸಿಟ್ಟೆಲ್ಲಾ ಎಲ್ಲಿ ಹೋಯಿತೋ. "ಹುಚ್ಚರಂಗ ಮಾಡಬ್ಯಾಡ್ರಿ. ನೀವು ವರ್ಸಾ ಪೆಟಗಿ ತಗದು ಒರಸಿದ್ದಕ್ಕ ಉಳದೈತಿ. ಇಲ್ಲಾಂದ್ರ ಇಲಿ ಮರಿ ಹಾಕಿರ್ತಿದ್ವು," ಅಂದೆ. ಅದೂ ಸುಳ್ಳೇನಲ್ಲ. ಬಿಚ್ಚಿಟ್ಟ ಗಿಟಾರನ್ನು ನೋಡುತ್ತ, ವೈನಿ ಈ ಮನುಷ್ಯನನ್ನು ಎಷ್ಟು ಪ್ರೀತಿಸುತ್ತಾರಲ್ಲ ಅಂತ ನನಗೆ ಕಣ್ಣು ಮಂಜಾಯಿತು.

ಬ್ರಷ್ಷಿನಿಂದ ವಿಭೂತಿ ಕೆಡವಿ ಒಂದು ಪುಡಿಕೆ ಕಟ್ಟಿಟ್ಟೆ, ಚೆಲ್ಲಲು ಮನಸ್ಸು ಬರಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಂಟ್ರೋಲು, ಸ್ವಿಚ್ಚು ಎಲ್ಲಾ ತೊಳೆದೆ. ತಂತಿಯ ನಾದ ಹಿಡಿಯುವ ಮೂರು ಕಾಯಿಲುಗಳು, ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಸುತ್ತಿದವು, ಮೀಟರಿಗೆ ಸರಿಯಾಗಿಯೇ ಉತ್ತರ ಕೊಟ್ಟವು. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಇದ್ದಲ್ಲೇ ಬಿಟ್ಟು, ಹಸಿರು ಹಿಡಿದ ತುದಿಗಳನ್ನಷ್ಟೇ ಕೆರೆದು ಹೊಸದಾಗಿ ಬೆಸೆದೆ. ಐಟಿಐಯಿಂದ ಬರುವಾಗ ತಂದ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಗುಂಯ್ ಅಂತು. ಜೀವ ಬಂತು! ಆದರೆ ತಂತಿಯ ಮೇಲೆ ಕೈಯಿಟ್ಟರೂ ಆ ಗುಂಯ್ ನಿಲ್ಲಲಿಲ್ಲ.

ಅದು ನಿಲ್ಲಬೇಕು. ಇಂಥ ಹಳೆಯ ಗಿಟಾರುಗಳ ಕಾಯಿಲುಗಳು ಮನೆಯೊಳಗಿನ ಕರೆಂಟಿನ ಸದ್ದನ್ನೆಲ್ಲಾ ಎಳೆದುಕೊಂಡು ಗುಂಯ್‌ಗುಟ್ಟುತ್ತವೆ. ತಂತಿಗಳನ್ನು ಕಟ್ಟಿರುವ ಲೋಹದ ಪಟ್ಟಿಯಿಂದ ಒಳಗಿನ ಕಂಟ್ರೋಲಿಗೆ ಒಂದು ಅರ್ಥ್ ವೈರ್ ಇರುತ್ತದೆ. ಅದಿದ್ದರೆ ಬಾರಿಸುವವನು ತಂತಿಯ ಮೇಲೆ ಕೈಯಿಟ್ಟ ಕೂಡಲೇ ಸದ್ದು ಅಡಗುತ್ತದೆ, ಕೈ ಎತ್ತಿದರೆ ಮತ್ತೆ ಏಳುತ್ತದೆ. ಹುಡುಕಿದರೆ ಆ ವೈರೇ ತುಕ್ಕಿಗೆ ತುಂಡಾಗಿತ್ತು. ಬೇರೆ ವೈರ್ ಎಳೆದು ಗಟ್ಟಿಯಾಗಿ ಬೆಸೆದೆ. ಕೈಯಿಟ್ಟೆ, ಗಪ್. ಎತ್ತಿದೆ, ಗುಂಯ್. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಒಳಗಿನ ಗೋಡೆಗೆಲ್ಲಾ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಅಂಟಿಸಿತ್ತು. ಗುಂಯ್ ಕಡಿಮೆಯಾಗಲಿ ಅಂತ ಅಣ್ಣ ಹರೆಯದಲ್ಲಿ ಮಾಡಿದ ಕೆಲಸ. ಸಿಗರೇಟು ಸೇದುವವನು ಗೆಳೆಯ, ಕಾಗದ ಅಂಟಿಸುವವನು ಇವನು. ನನ್ನ ವಿದ್ಯಾರ್ಥಿ ಹೀಗೆ ತುಣುಕು ತುಣುಕಾಗಿ ಹಚ್ಚಿದ್ದರೆ ಸೊನ್ನೆ ಹಾಕುತ್ತಿದ್ದೆ. ಎಲ್ಲಾ ಕಿತ್ತು ಒಳ್ಳೆಯ ತಾಮ್ರದ ಹಾಳೆ ಹಚ್ಚಿದರೆ ಗುಂಯ್ ಬಹುಪಾಲು ಹೋಗುತ್ತದೆ. ಹಾಳೆಯನ್ನು ತಂದೂ ಇಟ್ಟಿದ್ದೆ. ಒಂದು ತುಣುಕಿನ ಅಂಚು ಉಗುರಿನಿಂದ ಎಬ್ಬಿಸಿದೆ.

ಆಗ ಪಡಸಾಲೆಯ ಆ ಸಂಜೆಗಳು ಕಣ್ಣಮುಂದೆ ಬಂದವು. ಹಾಡು ಶುರುವಾಗುವ ಮೊದಲು ಗೆಳೆಯ ಯಾವಾಗಲೂ ಅನ್ನುತ್ತಿದ್ದ, "ಏ ದೋಸ್ತ, ಕೈ ತಗಿ, ಸೂರ ಕೊಡು." ಅಣ್ಣ ತಂತಿಯಿಂದ ಕೈ ಎತ್ತುತ್ತಿದ್ದ. ಗುಂಯ್ ಏಳುತ್ತಿತ್ತು. ಕಣ್ಣು ಮುಚ್ಚಿ ಗೆಳೆಯ ಆ ಗುಂಯ್‌ಗೇ ಶ್ರುತಿ ಹಿಡಿಯುತ್ತಿದ್ದ, ಬೇರೆ ಶ್ರುತಿಪೆಟ್ಟಿಗೆ ಅವನಿಗೆ ಬೇಕಿರಲಿಲ್ಲ. ಶ್ರುತಿ ಸಿಕ್ಕಿತು ಅಂತ ತಲೆಯಾಡಿಸಿದರೆ ಅಣ್ಣ ಕೈಯಿಡುತ್ತಿದ್ದ, ಮನೆಯೆಲ್ಲಾ ನಿಶ್ಶಬ್ದ, ಆಮೇಲೆ ಹಾಡು. ಈ ಗುಂಯ್ ತೆಗೆಯಲು ನಾನು ಯಾರು? ಒಂದಿಷ್ಟು ಮೈದಾ ಕಲಸಿ ಆ ಬೆಳ್ಳಿ ಕಾಗದದ ಅಂಚನ್ನು ಮತ್ತೆ ಒತ್ತಿದೆ.

ಮರುದಿನ ಖಾನಾಪುರ. ಅಣ್ಣ ಅದೇ ಕುರ್ಚಿ, ಅದೇ ಪೇಪರು. ಅವನ ಮಗ್ಗುಲಿಗೆ ಗಿಟಾರ್ ನಿಲ್ಲಿಸಿ, ಅವನ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ, ವಾಲ್ಯೂಮ್ ಬೇಕಂತಲೇ ಏರಿಸಿದೆ. ಗುಂಯ್ ಅಂತ ಪಡಸಾಲೆ ತುಂಬಿತು. ಪೇಪರು ಸ್ವಲ್ಪ ಅಲುಗಿತು.

"ಅದನ್ನ ಬಂದ್ ಮಾಡು."

"ನನ್ನ ಕೈಲೆ ಆಗೂದಿಲ್ಲ, ಅಣ್ಣಾ. ಬೇಕಾದ್ರ ನೀನ ಬಂದ್ ಮಾಡ್ಕೊ," ಅಂದು ಅಡುಗೆಮನೆಗೆ ನಡೆದೆ.

ವೈನಿ ಒಲೆಯ ಮೇಲೆ ಕುಕ್ಕರ್ ಇಟ್ಟು ನಿಂತಿದ್ದರು. ನಾನು ಬದನೆಕಾಯಿ ಹೆಚ್ಚಲು ಕೂತೆ. ಗುಂಯ್ ನಡೆದೇ ಇತ್ತು. ಅವನು ಎದ್ದು ಹಿತ್ತಲಿಗೆ ಹೋದರೆ? ಪಿನ್ ಕಿತ್ತು ಒಗೆದರೆ? ಕೈಯಲ್ಲಿನ ಬದನೆಕಾಯಿ ಅಡ್ಡಾದಿಡ್ಡಿ ಹೆಚ್ಚಿದ್ದೆ, ಇನ್ನೊಂದು ದಿನವಾಗಿದ್ದರೆ ವೈನಿ ಬೈಯುತ್ತಿದ್ದರು.

ಗುಂಯ್ ನಿಂತಿತು.

ವೈನಿಯ ಮುಖ ಬಿಳಚಿಕೊಂಡಿತು. "ಮತ್ತ ಕೆಟ್ಟಿತೇನ? ಕರೆಂಟ್ ಹೋತೇನ?"

ಮೇಲೆ ಫ್ಯಾನು ತಿರುಗುತ್ತಿತ್ತು. ಅಣ್ಣನ ಆಂಪ್ಲಿಫೈಯರ್ ಆರಿಸಿದರೂ, ಪಿನ್ ಕಿತ್ತರೂ ಧಪ್ ಅಂತ ದೊಡ್ಡ ಸದ್ದು ಬರುತ್ತದೆ, ಮನೆಮಂದಿಗೆಲ್ಲಾ ಗೊತ್ತು. ಆ ಧಪ್ ಬಂದಿರಲಿಲ್ಲ.

"ಕೆಟ್ಟಿಲ್ಲ ವೈನಿ," ಅಂದೆ. "ತಂತಿ ಮ್ಯಾಲ ಕೈ ಇಟ್ಟಾನ."

ವೈನಿ ಬಾಗಿಲ ಕಡೆ ಹೋಗಲಿಲ್ಲ. ಕೈ ಚಾಚಿ, ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಗ್ಯಾಸ್ ಆರಿಸಿದರು.