ತಿಕ್ಕಬಾರದ ಬೇರು

ಏಳು ವರ್ಷದ ಹಿಂದಿನ ಮಾತು. ಆಗ ನನಗೆ ಐವತ್ತೊಂಬತ್ತು. ಆಧಾರ್ ಕಾರ್ಡಿನ ಪ್ರಕಾರ ಅರವತ್ತೆರಡು. ಕಂಪ್ಲಿ ಹತ್ತಿರ ಬೆಳೆ ಸಂಶೋಧನೆಯ ತೋಟವೊಂದರಲ್ಲಿ ದಿನಗೂಲಿಗಿದ್ದೆ. ಬೇರು ತೊಳೆಯುವುದು ನನ್ನ ಕೆಲಸ. ನಗಬೇಡಿ. ಗಿಡವನ್ನು ಕುಂಡದಿಂದ ಮಣ್ಣಿನ ಸಮೇತ ತೆಗೆದು, ನೀರಿನಲ್ಲಿ ನೆನೆಸಿ, ಒಂದು ಎಳೆಯೂ ಹರಿಯದಂತೆ ಮಣ್ಣು ಬಿಡಿಸಬೇಕು. ನನ್ನಷ್ಟು ಚೊಕ್ಕಟವಾಗಿ ತೊಳೆಯುವವರಿಲ್ಲ ಎಂಬ ಸೊಕ್ಕೂ ಇತ್ತು.

ಮೈಸೂರು ಕಡೆಯ ಶ್ವೇತಾ ಮೇಡಂ ಪಿಎಚ್‌ಡಿಗಾಗಿ ಹನ್ನೆರಡು ಕುಂಡಗಳಲ್ಲಿ ಸೋಯಾಬೀನ್ ಬೆಳೆಸಿ, ಎರಡು ವಾರ ಬುಡ ಮುಳುಗುವಂತೆ ನೀರು ನಿಲ್ಲಿಸಿಟ್ಟಿದ್ದರು. ಆರು ನೆರಳಿನಲ್ಲಿ, ಆರು ಬಿಸಿಲಿಗೆ ಕಾಯುವ ಪ್ಲಾಸ್ಟಿಕ್ ಮನೆಯಲ್ಲಿ. ನೀರು ನಿಂತಾಗ, ಸೆಕೆ ಏರಿದಾಗ ಬೇರು ತನ್ನ ಮೈಯನ್ನು ಹೇಗೆ ಬದಲಿಸಿಕೊಳ್ಳುತ್ತದೆ ಎಂದು ನೋಡಬೇಕಿತ್ತಂತೆ. ಅಂದು ಮಧ್ಯಾಹ್ನ ಅವರ ಗೈಡ್ ಬರುವವರಿದ್ದರು. ಬೇರು ಸರಿಯಿಲ್ಲದಿದ್ದರೆ ಮೇಡಂಗೆ ಒಂದು ವರ್ಷ ಹೋದಂತೆಯೇ.

ಬೆಳಿಗ್ಗೆ ಗಿಡ ಕಿತ್ತರೆ ಕಾಂಡದ ಬುಡಕ್ಕೂ ಬೇರಿಗೂ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿತ್ತು. ಬೂಷ್ಟು ಎಂದುಕೊಂಡೆ. ದೊಡ್ಡವರ ಮುಂದೆ ಬೂಷ್ಟು ಹಿಡಿದದ್ದನ್ನು ಇಡುವುದೇ? ತೆಂಗಿನ ನಾರು ತಂದು ಹಿತ್ತಾಳೆ ಕೊಡ ತಿಕ್ಕಿದಂತೆ ಎಂಟು ಗಿಡ ತಿಕ್ಕಿದೆ. ಅಷ್ಟರಲ್ಲಿ ಮೇಡಂ ಬಂದರು.

"ಹುಲಿಗೆಮ್ಮಾ, ಆ ಬಿಳೀದು ಎಲ್ಲಿ?"

"ಬೂಷ್ಟೇನ್ರಿ? ತಿಕ್ಕಿ ತಗದೀನಿ. ಹೆಂಗ ಹೊಳಿಯಾಕತ್ಯಾವ ನೋಡ್ರಿ."

"ಅದು ಬೂಷ್ಟಲ್ಲ! ಅದನ್ನ ನೋಡೋಕೇ ಎರಡು ವಾರ ಕಾದಿದ್ದು!"

ಬಕೆಟ್ಟಿನ ಪಕ್ಕ ಕೂತು ಅಳುತ್ತಲೇ ತಿಳಿಸಿದರು. ನೀರು ನಿಂತರೆ ಬೇರಿಗೆ ಉಸಿರು ಸಿಗುವುದಿಲ್ಲ. ಮೇಲಿನ ಗಾಳಿ ಕೆಳಗಿಳಿಯಲೆಂದು ಗಿಡವೇ ಬೆಂಡಿನಂಥ ಈ ಪದರ ಕಟ್ಟಿಕೊಳ್ಳುತ್ತದೆ. ಅದಕ್ಕೆ ಏರೆಂಕೈಮಾ ಎಂದು ಹೆಸರು. ನನ್ನ ಬಾಯಲ್ಲಿ ಅದು ಇವತ್ತಿಗೂ ಹೊರಳುವುದಿಲ್ಲ.

"ಅಳಬ್ಯಾಡ್ರಿ. ಇನ್ನಾ ನಾಕ್ ಅದಾವಲ್ಲ."

"ಅವನ್ನ ಮುಟ್ಟಬೇಡಿ!"

"ನಾ ಮುಟ್ಟದಿದ್ರ ನೀವು ತೊಳಿತೀರೇನು? ಅರ್ಧ ಬೇರು ಹರಕೊಂಡು ಕುಂದರ್ತೀರಿ."

ಅದು ನಿಜವೆಂದು ಅವರಿಗೂ ಗೊತ್ತಿತ್ತು. ಹಸುಗೂಸಿಗೆ ಎರೆದಂತೆ ಚೊಂಬಿನಿಂದ ನೀರು ಬಿಟ್ಟು ನಾಲ್ಕನ್ನೂ ತೊಳೆದೆ. ನೆರಳಿನ ಎರಡಕ್ಕೆ ಬಿಳಿ ಪದರ ದಪ್ಪಗಿತ್ತು. ಸೆಕೆಯ ಎರಡರಲ್ಲಿ ಪದರ ತೆಳು, ಬೇರಿನ ತುದಿ ಕಪ್ಪು.

ಗೈಡ್ ಸರ್ ಬಂದವರೇ ಕೇಳಿದರು: "ಹನ್ನೆರಡರಲ್ಲಿ ನಾಲ್ಕೇ ಯಾಕೆ?"

ಮೇಡಂ ಬಾಯಿ ತೆರೆಯುವ ಮೊದಲೇ ನಾನೆಂದೆ: "ಎಂಟು ನಾ ತಿಕ್ಕೀನ್ರಿ. ಮೇಡಮ್ಮರ ತಪ್ಪಿಲ್ಲ. ಬೂಷ್ಟಲ್ಲ ಅಂತ ನನಗ ಯಾರೂ ಹೇಳಿದ್ದಿಲ್ಲ."

ಸರ್ ನಾನು ತಿಕ್ಕಿದ ಒಂದು ಬೇರನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ಚೊಕ್ಕ ಬೇರನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಕೆಲಸಕ್ಕೆ ಬರಲ್ಲ, ಅಷ್ಟೇ." ಆಮೇಲೆ ಮೇಡಂ ಕಡೆ ತಿರುಗಿ, "ನಾಲ್ಕರಿಂದ ಏನೂ ಹೇಳೋಕಾಗಲ್ಲ. ಎರಡು ತಿಂಗಳು ಕೊಡ್ತೀನಿ, ಹನ್ನೆರಡನ್ನೂ ಮತ್ತೆ ಹಾಕು. ಏನು ನೋಡ್ತಿದ್ದೀವಿ ಅಂತ ತೊಳೆಯೋರಿಗೆ ಮೊದಲು ಹೇಳು," ಎಂದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ತೊಳೆಯುವ ಮೊದಲು ಕೊಳೆ ಯಾವುದೆಂದು ಕೇಳಬೇಕು. ಕೇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕುಂಡಗಳಿಗೆ ಮಣ್ಣು ತುಂಬಿ ಬೀಜ ಊರಿದೆ. ಮೇಡಂ ಬಂದು ಎಣಿಸಿದರು.

"ಹದಿಮೂರಿದೆಯಲ್ಲಾ?"

"ಒಂದು ನನಗ್ರಿ," ಎಂದೆ. "ತಿಕ್ಕಾಕ."