ನವಿಲೋ ಕೋಳಿಯೋ

ಪಕ್ಕದ ಮನೆಯವರು ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ. ಆ ಘಮಕ್ಕೆ ನಿಮಗೆ ಹಸಿವಾಗುತ್ತದೇನೋ. ನನಗೆ ವಕೀಲರ ನೋಟಿಸು ನೆನಪಾಗುತ್ತದೆ.

ತಿ. ನರಸೀಪುರದಲ್ಲಿ ನನ್ನ ಚಿಕ್ಕಪ್ಪ ಸಾರಿನ ಪುಡಿ ಮಾಡಿ ಮಾರುತ್ತಿದ್ದರು, ಅಂಗಡಿಯಲ್ಲಿ ನಾನು ಅವರ ಜೊತೆಗಿದ್ದೆ. ಪೊಟ್ಟಣದ ಮೇಲೆ ನವಿಲಿನ ಗುರುತು. ಬರೆದವನು ಲಾರಿಗಳಿಗೆ ಬಣ್ಣ ಹೊಡೆಯುವವನು. ಜಾಗ ಸಾಲದೆ ಗರಿ ಮೊಟಕು ಮಾಡಿ, ತಲೆಯ ತುರಾಯಿಗೆ ಕೆಂಪು ಬಳಿದಿದ್ದ. ಮೂಗೂರಿನ ಗಿರಾಕಿಗಳು ಬಂದು, "ಎಲ್ಡು ಕೋಳಿ ಪುಡಿ ಕೊಡಣ್ಣ" ಎನ್ನುತ್ತಿದ್ದರು. ಚಿಕ್ಕಪ್ಪನೋ ಮಠಕ್ಕೆ ನಡೆದುಕೊಳ್ಳುವವರು, ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವವರು. "ಅದು ನವಿಲು ಕಣಯ್ಯ, ಸರಿಯಾಗ್ ನೋಡು" ಎಂದು ಒಬ್ಬೊಬ್ಬರನ್ನೂ ತಿದ್ದುತ್ತಿದ್ದರು. ಕಂಡವರ ದನಿಯನ್ನೆಲ್ಲ ಅಣಕಿಸುವ ಚಟ ನನ್ನದು. ಈ ಜಗಳವನ್ನು ಎರಡೂ ದನಿಯಲ್ಲಿ ಆಡಿ ತೋರಿಸಿ ಎಷ್ಟೋ ಮದುವೆಮನೆಗಳಲ್ಲಿ ಒಂದು ಹೋಳಿಗೆ ಹೆಚ್ಚಿಗೆ ಗಿಟ್ಟಿಸಿದ್ದೇನೆ.

ಒಂದು ದಿನ ನೋಟಿಸು ಬಂತು. ದೂರದ ಊರಿನ ಮಸಾಲೆ ಕಂಪನಿಯೊಂದು ನವಿಲಿನ ಗುರುತನ್ನು ನಮಗಿಂತ ಮೊದಲೇ ನೋಂದಾಯಿಸಿತ್ತು. ಹದಿನೈದು ದಿನದೊಳಗೆ ನಾವು ನವಿಲನ್ನು ಬಿಡಬೇಕು, ಇಲ್ಲವಾದರೆ ದಾವೆ. ಚಿಕ್ಕಪ್ಪನಿಗೆ ಅನ್ನ ಸೇರಲಿಲ್ಲ. ನಾನಂತೂ ಯಾವ ಸೈಕಲ್ ಬೆಲ್ ಕೇಳಿದರೂ ಪೋಸ್ಟ್‌ಮ್ಯಾನ್ ಬಂದನೆಂದು ಬೆವರುತ್ತಿದ್ದೆ.

ನಾವು ಹಿಡಿದ ನಂಜನಗೂಡಿನ ವಕೀಲರು ಪೊಟ್ಟಣವನ್ನು ತಿರುಗಿಸಿ ನೋಡುತ್ತ ಇತಿಹಾಸ ಶುರುಮಾಡಿದರು. ಬ್ರಿಟಿಷರ ಕಾಲದಲ್ಲಿ ಸುಳ್ಳು ಗುರುತು ಹಾಕಿದವನನ್ನು ಶಿಕ್ಷಿಸುವ ಕಾನೂನು ಬಂತಂತೆ. ಗುರುತನ್ನು ನೋಂದಾಯಿಸುವ ಕಾನೂನು ಆಮೇಲೆ. ಈಗ ಹಳೆಯದನ್ನು ತೆಗೆದು ಹೊಸದು ಜಾರಿಯಾಗಿದೆಯಂತೆ. ನಮ್ಮನ್ನು ಜೈಲಿಗೆ ಹಾಕುವುದು ಯಾವ ಕಾನೂನು ಎಂದಷ್ಟೇ ನಾನು ಕಾಯುತ್ತಿದ್ದೆ.

"ಕೋರ್ಟು ಕೇಳೋದು ಇಷ್ಟೇ ಕಣ್ರೀ" ಎಂದರು ವಕೀಲರು. "ಅರ್ಧಂಬರ್ಧ ನೆನಪಿಟ್ಕೊಂಡು ಬರೋ ಗಿರಾಕಿ, ಅವರದು ಅಂದ್ಕೊಂಡು ನಿಮ್ಮದು ತಗೊಂಡೋಗ್ತಾನಾ? ನಿಮ್ಮ ಅಂಗಡೀಲಿ ಜನ ಏನಂತ ಕೇಳ್ತಾರೆ?"

ನನ್ನ ಬಾಯಿ ಸುಮ್ಮನಿರಬೇಕಲ್ಲ? ಮೂಗೂರಿನವರ ದನಿಯಲ್ಲೇ, "ಎಲ್ಡು ಕೋಳಿ ಪುಡಿ ಕೊಡಣ್ಣ" ಎಂದುಬಿಟ್ಟೆ.

ವಕೀಲರ ಮುಖ ಅರಳಿತು. "ಇದೇ ನೋಡಿ ಬೇಕಾಗಿದ್ದು. ನವಿಲು ಅಂತ ಯಾರೂ ಕೇಳೋದೇ ಇಲ್ಲ ಅಂದ್ಮೇಲೆ ಮೋಸ ಹೋಗೋನು ಯಾರು? ಇದು ಕೋಳಿ ಅಂತ ಉತ್ತರ ಬರೀತೀನಿ, ರುಜು ಹಾಕಿ."

"ಬ್ಯಾರೆ ದಾರಿ ಇಲ್ವಾ ಸಾ?" ಎಂದರು ಚಿಕ್ಕಪ್ಪ.

"ಇದೆ. ಪೊಟ್ಟಣದ ಮೇಲಿರೋ ಚಿತ್ರಾನೇ ತೆಗೆದುಬಿಡಿ."

"ಓದಕ್ ಬರ್ದೋರು ನನ್ ಪುಡೀನ ಎಂಗ್ ಗುರ್ತಿಡೀತಾರೆ?"

ಚಿಕ್ಕಪ್ಪ ಪೊಟ್ಟಣವನ್ನು ಹತ್ತಿರಕ್ಕೆಳೆದುಕೊಂಡರು. "ಕೋಳಿನೇ ಬರ್ಕಳಿ" ಎಂದರು. ರುಜು ಹಾಕುವಾಗ ಎಡಗೈಯಿಂದ ಚಿತ್ರವನ್ನು ಮುಚ್ಚಿಕೊಂಡಿದ್ದರು.

ಉತ್ತರ ಹೋದಮೇಲೆ ಕಂಪನಿಯಿಂದ ಮತ್ತೆ ಕಾಗದ ಬರಲಿಲ್ಲ. ಆಮೇಲಿನ ಮೊದಲ ಸಂತೆಯ ದಿನವೇ ಹೆಂಗಸೊಬ್ಬಳು ಬಂದು ಕೋಳಿ ಪುಡಿ ಕೇಳಿದಳು. ಎಂದಿನಂತೆ ಅವಳನ್ನು ತಿದ್ದುತ್ತಾರೆಂದು ಕಾದೆ. ಚಿಕ್ಕಪ್ಪ ಎರಡು ಪೊಟ್ಟಣ ಎತ್ತಿಕೊಟ್ಟು, ಮುಂದಿನ ಗಿರಾಕಿಯ ಕಡೆ ತಿರುಗಿದರು.

ಈಗಲೂ ನೆಂಟರು ಕೇಳಿದರೆ ಆ ಹೆಂಗಸಿನ ದನಿ ಮಾಡುತ್ತೇನೆ, ವಕೀಲರದನ್ನೂ ಮಾಡುತ್ತೇನೆ. ಚಿಕ್ಕಪ್ಪನ "ಅದು ನವಿಲು ಕಣಯ್ಯ"ದ ಸರದಿ ಬಂದಾಗ ಮಾತ್ರ ಕೆಮ್ಮು ಬಂದವನ ಹಾಗೆ ನಟಿಸಿ ಎದ್ದುಹೋಗುತ್ತೇನೆ.